ಚಳಿಗಾಲದ ಪಾಲು

ಅಕ್ಟೋಬರ್ ತಿಂಗಳ ಮೊದಲ ಶನಿವಾರ, ರಸ್ತೆ ಒಣಗಿದ್ದರೆ, ಉತ್ತರದ ಹಿಮನಾಡಿನ ಲಿಂಡ್‌ಬೂ ಊರಿನವರು ಅಡುಗೆಮನೆಯ ಕಿಟಕಿಯಿಂದ ಒಂದು ಕಣ್ಣನ್ನು ದಾರಿಯ ಮೇಲೆ ಇಟ್ಟಿರುತ್ತಿದ್ದರು. ಪಟ್ಟಣದ ಕಡೆಯಿಂದ ಟೂರೆಯ ಹಸಿರು ಬ್ಯೂಕ್ ಕಾರು ಮದುವೆ ದಿಬ್ಬಣದ ಹಾಗೆ ನಿಧಾನವಾಗಿ, ಬಿಸಿಲಿಗೆ ಥಳಥಳಿಸುತ್ತ ಬಂದು, ಇಗರ್ಜಿ ದಾಟಿ, ಮೈಲಿಸಳ ಅಂಗಳಕ್ಕೆ ತಿರುಗುತ್ತಿತ್ತು. ಅದರ ಬೆನ್ನಿಗೇ ಒಂದು ಪುಟ್ಟ ಬಿಳಿ ಕಾರು ಬಂದು ಅಂಗಳದ ಹೊರಗೆ ಅಂಚೆಡಬ್ಬಿಯ ಪಕ್ಕ ನಿಂತುಬಿಡುತ್ತಿತ್ತು. ಒಳಗೆ ಬರುತ್ತಿರಲಿಲ್ಲ. ಬ್ಯೂಕಿನಲ್ಲಿದ್ದವನು ಮೈಲಿಸಳ ಮಾಜಿ ಗಂಡ. ಬಿಳಿ ಕಾರಿನಲ್ಲಿದ್ದವಳು ಅವನ ಈಗಿನ ಸಂಗಾತಿ ಐಲಾ.

"ಗಂಡನ್ನ ಹೊರಗೆ ಹಾಕಿದ್ಲು, ಕಾರನ್ನ ಒಳಗಿಟ್ಕೊಂಡ್ಲು" ಎಂದು ಪಕ್ಕದ ಹೊಲದ ಎವರ್ಟ್ ಮೊದಲ ಸಲ ಹೇಳಿದಾಗ ಇಡೀ ಊರು ನಕ್ಕಿತ್ತು. ಆಮೇಲೆ ಅದು ಗಾದೆಯೇ ಆಗಿಹೋಯಿತು. ಮೈಲಿಸಳ ಕಿವಿಗೂ ಬಿತ್ತು.

"ಸುಳ್ಳೇನಲ್ಲ. ಕಾರು ಗೊರಕೆ ಹೊಡೆಯಲ್ವಲ್ಲ" ಎಂದಳು ಅವಳು.

ಟೂರೆ ಕಾರಿನಿಂದ ಇಳಿಯುವ ಹೊತ್ತಿಗೆ ಮೈಲಿಸ್ ಒಣಹುಲ್ಲು ಕೂಡಿಡುವ ಹುಲ್ಲುಮನೆಯ ದೊಡ್ಡ ಬಾಗಿಲು ತೆರೆದು, ಹಲಗೆ ನೆಲವನ್ನು ಗುಡಿಸಿ ಇಟ್ಟಿರುತ್ತಿದ್ದಳು. ಇಬ್ಬರ ನಡುವೆ ಕುಶಲ ಸಮಾಚಾರವಿಲ್ಲ. ನೇರ ಕೆಲಸದ ಮಾತು.

"ಟ್ಯಾಂಕ್ ತುಂಬಿಸಿದ್ಯಾ?"

"ಕಂಠಮಟ್ಟ."

"ಹೋದ್ಸಲಾನೂ ಹಾಗೇ ಹೇಳಿದ್ದೆ."

"ಹೋದ್ಸಲಾನೂ ತುಂಬಿಸಿದ್ದೆ ಮಾರಾಯ್ತಿ."

ಟ್ಯಾಂಕಿನಲ್ಲಿ ಖಾಲಿ ಜಾಗ ಉಳಿದರೆ ಚಳಿಗೆ ಗಾಳಿ ಬೆವರುತ್ತದೆ, ಬೆವರು ನೀರಾಗುತ್ತದೆ, ನೀರು ತುಕ್ಕಾಗುತ್ತದೆ. ಇದು ಟೂರೆ ಅವಳಿಗೆ ಹೇಳಿಕೊಟ್ಟದ್ದೋ, ಅವಳೇ ಅವನಿಗೆ ಹೇಳಿಕೊಟ್ಟದ್ದೋ, ಇಬ್ಬರಿಗೂ ಈಗ ನೆನಪಿರಲಿಲ್ಲ. ಬ್ಯಾಟರಿ ಬಿಚ್ಚಿ ಮನೆಯ ಒಳಗೆ, ಆಲೂಗಡ್ಡೆ ಬುಟ್ಟಿಯ ಪಕ್ಕ ಇಡುವುದು. ತಿಂಗಳುಗಟ್ಟಲೆ ಒಂದೇ ಕಡೆ ಭಾರ ಬಿದ್ದು ಚಕ್ರಗಳು ಚಪ್ಪಟೆಯಾಗದಿರಲೆಂದು ಕಾರನ್ನು ಎತ್ತಿ ಕುದುರೆ ಎಂದು ಕರೆಯುವ ನಾಲ್ಕು ಕಬ್ಬಿಣದ ಆಧಾರಗಳ ಮೇಲೆ ಕೂರಿಸುವುದು. ಇಲಿ ನುಗ್ಗದಿರಲೆಂದು ಹೊಗೆ ಕೊಳವೆಗೆ ಉಕ್ಕಿನ ನಾರು ತುರುಕುವುದು. ಇಲಿಗೆ ಹಳೆಯ ಸೀಟಿನ ಒಳಭಾಗಕ್ಕಿಂತ ಒಳ್ಳೆಯ ಹೆರಿಗೆಮನೆ ಭೂಮಿಯ ಮೇಲಿಲ್ಲ. ಕೊನೆಗೆ ಮೈಲಿಸ್ ಹಳೆಯ ಹತ್ತಿ ದುಪ್ಪಟಿಗಳನ್ನು ಕೂಡಿಸಿ ಹೊಲಿದ ದೊಡ್ಡ ಹೊದಿಕೆಯನ್ನು ಇಬ್ಬರೂ ಎರಡು ತುದಿ ಹಿಡಿದು ಬೀಸಿ ಹಾಕುವುದು. ಗಂಡ ಹೆಂಡತಿಯಾಗಿದ್ದಾಗ ಹಾಸಿಗೆ ಹಾಸುತ್ತಿದ್ದದ್ದೂ ಹಾಗೆಯೇ. ಆ ಒಂದು ಕ್ಷಣ ಮಾತ್ರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಸರಿ ಹಾಗಾದ್ರೆ" ಎನ್ನುತ್ತಿದ್ದ ಟೂರೆ.

"ಸರಿ" ಎನ್ನುತ್ತಿದ್ದಳು ಮೈಲಿಸ್.

ಅವನು ಬಿಳಿ ಕಾರಿನ ಕಡೆಗೆ ನಡೆಯುತ್ತಿದ್ದ. ಮತ್ತೆ ಕಾಣುವುದು ಏಪ್ರಿಲ್ ಕೊನೆಗೆ, ಹಿಮ ಕರಗಿಸಲು ರಸ್ತೆಗೆ ಸುರಿದ ಉಪ್ಪನ್ನೆಲ್ಲ ಮಳೆ ತೊಳೆದ ಮೇಲೆ.

ಮೈಲಿಸ್ ಹುಟ್ಟಿದ್ದೂ ಬೆಳೆದದ್ದೂ ಆ ಕೆಂಪು ಮರದ ಮನೆಯಲ್ಲೇ. ಎತ್ತರದ ಆಳು, ಅಗಲವಾದ ಅಂಗೈ. ಹೈನುಗಾರಿಕೆ ಮಾಡಿದ ಹೆಂಗಸರ ಅಂಗೈ ಮುದುಕಿಯರಾದ ಮೇಲೂ ಚಿಕ್ಕದಾಗುವುದಿಲ್ಲ. ಅಪ್ಪನಿಂದ ಅವಳಿಗೆ ಬಂದದ್ದು ಹಸುಗಳು, ಹುಲ್ಲುಗಾವಲು ಮತ್ತು ಬೆಳಗಿನ ಜಾವಕ್ಕೆ ತಾನಾಗಿ ತೆರೆದುಕೊಳ್ಳುವ ಕಣ್ಣು. ಟೂರೆ ಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸಗಾರ. ಎಣ್ಣೆ ಹಚ್ಚಿ ಬಾಚಿದ ಕೂದಲು, ಬಾಯಿ ತುಂಬ ತಮಾಷೆ. ಮದುವೆಯಾದ ವರ್ಷವೇ ಅವರು ಆ ಕಾರನ್ನು ಕೊಂಡರು. ಅಮೆರಿಕದ ಯಾವುದೋ ರೈತನ ಕೊಟ್ಟಿಗೆಯಲ್ಲಿ ಬಿದ್ದಿದ್ದದ್ದು, ಹಡಗು ಹತ್ತಿ ಬಂದಿತ್ತು. ಬಂದಾಗ ಹಲ್ಲುದುರಿದ ಮುದುಕನ ಹಾಗಿತ್ತು. ಅಪ್ಪ ಕೊಟ್ಟ ಎರಡು ಕಡಸುಗಳನ್ನು ಮಾರಿ ಮೈಲಿಸ್ ಅರ್ಧ ಹಣ ಹಾಕಿದಳು.

ಎರಡು ಚಳಿಗಾಲ ಅವರು ಅದೇ ಹುಲ್ಲುಮನೆಯಲ್ಲಿ ಕೂತು ಕಾರನ್ನು ಬದುಕಿಸಿದರು. ಅವನು ಎಂಜಿನ್ ಬಿಚ್ಚಿ ಕಟ್ಟಿದ. ಅವಳು ತುಕ್ಕು ಉಜ್ಜಿದಳು, ಸೀಟಿನ ಬಟ್ಟೆ ಹೊಲಿದಳು. ಹೊರಗೆ ಮರ ಸಿಡಿಯುವಂಥ ಚಳಿ. ಒಳಗೆ ಸೀಮೆಎಣ್ಣೆ ಒಲೆ, ಫ್ಲಾಸ್ಕಿನಲ್ಲಿ ಕಾಫಿ, ರೇಡಿಯೋ. ಅವರ ದಾಂಪತ್ಯದಲ್ಲಿ ಒಳ್ಳೆಯ ದಿನಗಳೆಂದು ಏನಿದ್ದವೋ ಅವೆಲ್ಲ ಚಳಿಗಾಲದವೇ.

ಬೇಸಿಗೆ ಬಂದಾಗ ಲೆಕ್ಕ ತಪ್ಪಿತು. ಆ ನಾಡಿನಲ್ಲಿ ಬೇಸಿಗೆ ಎನ್ನುವುದು ಕಣ್ಣು ಮಿಟುಕಿಸುವಷ್ಟು. ಟೂರೆಗೆ ಅದು ಕಾರಿನ ಕಾಲ: ಕಿಟಕಿ ಇಳಿಸಿ, ತೋಳು ಹೊರಗೆ ಚಾಚಿ, ಪಟ್ಟಣದ ಮುಖ್ಯ ಬೀದಿಯಲ್ಲಿ ಗೆಳೆಯರ ಕಾರುಗಳ ಸಾಲಿನಲ್ಲಿ ಸುತ್ತು ಹಾಕುವುದು, ಸರೋವರದ ದಡದ ಮೇಳಗಳಿಗೆ ಹೋಗುವುದು. ಮೈಲಿಸಳಿಗೆ ಅದು ಹುಲ್ಲಿನ ಕಾಲ. ಜುಲೈಯಲ್ಲಿ ಕೊಯ್ದು ಒಣಗಿಸದಿದ್ದರೆ ಜನವರಿಯಲ್ಲಿ ಹಸುಗಳು ಅವಳ ಮುಖ ನೋಡುತ್ತವೆ. ಎರಡು ಹೊತ್ತು ಹಾಲು ಕರೆಯುವ ಹೆಂಗಸು ಎಷ್ಟು ದೂರ ಹೋಗಿಬರಬಲ್ಲಳು? ಒಮ್ಮೆ ಮಳೆಯ ಮುನ್ಸೂಚನೆ ಇತ್ತು, ಕೊಯ್ದ ಹುಲ್ಲು ಒಣಗಲೆಂದು ಗಳಗಳ ಮೇಲಿತ್ತು. "ಮಧ್ಯಾಹ್ನಕ್ಕೆ ಬಂದ್ಬಿಡ್ತೀನಿ ಕಣೇ" ಎಂದು ಹೋದ ಟೂರೆ ಬಂದದ್ದು ಮಾರನೆಯ ಸಂಜೆ. ಹುಲ್ಲು ಅಷ್ಟು ಹೊತ್ತಿಗೆ ಕಪ್ಪಾಗಿತ್ತು. ಅವನ ಎರಡು ಚೀಲಗಳು ಗೇಟಿನ ಬಳಿ ನಿಂತಿದ್ದವು.

"ಬೈಯೋಕೂ ತ್ರಾಣ ಇಲ್ಲ ಟೂರೆ" ಎಂದಳು ಅವಳು. "ಹುಲ್ಲು ಕೊಳೀತು. ಇನ್ನು ನನ್ನ ಕೈಲಾಗಲ್ಲ."

ಪಾತ್ರೆ ಪಗಡೆ, ಮೇಜು ಕುರ್ಚಿ ಎಲ್ಲ ಜಗಳವಿಲ್ಲದೆ ಪಾಲಾಯಿತು. ಕಾರಿನ ವಿಷಯ ಬಂದಾಗ ವಕೀಲ "ಮಾರಿ ಹಂಚ್ಕೊಳ್ಳಿ" ಎಂದ. "ಇಲ್ಲ" ಎಂದು ಇಬ್ಬರೂ ಒಂದೇ ಉಸಿರಿನಲ್ಲಿ ಹೇಳಿದರು. ಆ ವರ್ಷವೆಲ್ಲ ಇಬ್ಬರ ಬಾಯಲ್ಲೂ ಒಟ್ಟಿಗೆ ಬಂದದ್ದು ಅದೊಂದೇ ಮಾತು. ಕೊನೆಗೆ ದಾರಿ ತೋರಿಸಿದವಳು ಮೈಲಿಸ್.

"ಬೇಸಿಗೆ ಅವನದು, ಚಳಿಗಾಲ ನಂದು."

"ಚಳಿಗಾಲದಲ್ಲಿ ರಸ್ತೇಲಿ ಉಪ್ಪು ಸುರೀತಾರಲ್ಲಮ್ಮ. ಇಂಥಾ ಕಾರನ್ನ ಹೊರಗೆ ತೆಗೆದ್ರೆ ತುಕ್ಕು ತಿಂದ್ಬಿಡುತ್ತೆ" ಎಂದ ವಕೀಲ.

"ಓಡಿಸೋಕೆ ನನಗೆ ಟ್ರ್ಯಾಕ್ಟರ್ ಇದೆ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹೀಗೆ ಶುರುವಾದ ಏರ್ಪಾಡು ವರ್ಷದ ಮೇಲೆ ವರ್ಷ ನಡೆದುಕೊಂಡು ಬಂತು. ಅಕ್ಟೋಬರಿನಲ್ಲಿ ತರುವುದು, ಏಪ್ರಿಲಿನಲ್ಲಿ ಒಯ್ಯುವುದು. ನಡುವಿನ ಕತ್ತಲ ತಿಂಗಳುಗಳಲ್ಲಿ ಮೈಲಿಸ್ ಭಾನುವಾರಕ್ಕೊಮ್ಮೆ ಹುಲ್ಲುಮನೆಗೆ ಹೋಗಿ, ಹೊದಿಕೆಯ ಅಂಚೆತ್ತಿ ಇಲಿಯ ಹಿಕ್ಕೆ ಹುಡುಕುತ್ತಿದ್ದಳು. ಕಾರಿನ ಬಾಗಿಲು ತೆರೆದರೆ ಹಳೆಯ ಉಣ್ಣೆ ಮತ್ತು ಪೆಟ್ರೋಲಿನ ವಾಸನೆ ಮುಖಕ್ಕೆ ಬರುತ್ತಿತ್ತು. ಸ್ವಲ್ಪ ಹೊತ್ತು ನಿಂತು ಮುಚ್ಚುತ್ತಿದ್ದಳು. ಒಳಗೆ ಕೂರುತ್ತಿರಲಿಲ್ಲ. ಓಡದ ಕಾರಿನ ಸ್ಟೀರಿಂಗ್ ಹಿಡಿದು ಕೂರುವುದು ಮಕ್ಕಳಾಟ ಎಂದು ಅವಳ ಎಣಿಕೆ.

ಮಂಡಿ ಸವೆದ ಮೇಲೆ ಹಸುಗಳನ್ನು ಮಾರಿದಳು. ಹುಲ್ಲುಗಾವಲನ್ನು ಎವರ್ಟ್‌ಗೆ ಗೇಣಿಗೆ ಕೊಟ್ಟಳು. ಆಗ ಅವಳಿಗೆ ಬಾಳಿನಲ್ಲಿ ಮೊದಲ ಸಲ ಒಂದು ಬೇಸಿಗೆ ಕೈಗೆ ಸಿಕ್ಕಿತು. ಏನು ಮಾಡುವುದೆಂದು ತೋಚಲಿಲ್ಲ. ಮೆಟ್ಟಿಲ ಮೇಲೆ ಕೂತು ಸ್ಟ್ರಾಬೆರಿ ತಿಂದಳು. ಒಂದು ದಿನ ಫೋನೆತ್ತಿ, ಜುಲೈಯ ಒಂದು ಭಾನುವಾರ ಕಾರನ್ನು ಕೊಡುತ್ತೀಯಾ ಎಂದು ಟೂರೆಯನ್ನು ಕೇಳೋಣವೆಂದುಕೊಂಡಳು. ಎತ್ತಿದ ಫೋನನ್ನು ಇಟ್ಟುಬಿಟ್ಟಳು. ಕೇಳಿದರೆ ಅವನು ಕೊಡುತ್ತಿದ್ದ. ಅದೇ ಕಷ್ಟ. ಬೇಡವೆಂದರೆ ಜಗಳವಾಡಬಹುದು, "ಅದಕ್ಕೇನಂತೆ, ತಗೊಂಡು ಹೋಗು" ಎಂದುಬಿಟ್ಟರೆ, ಇಷ್ಟು ವರ್ಷ ಕೇಳದೇ ಇದ್ದದ್ದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಬೇಕಾಗುತ್ತದೆ.

ಆ ವರ್ಷದ ಅಕ್ಟೋಬರಿನಲ್ಲಿ ಮೊದಲ ಶನಿವಾರ ಟೂರೆ ಬರಲಿಲ್ಲ. ಎರಡನೆಯ ಶನಿವಾರವೂ ಬರಲಿಲ್ಲ. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಹೆಪ್ಪುಗಟ್ಟತೊಡಗಿತು. ಇವತ್ತೋ ನಾಳೆಯೋ ಉಪ್ಪಿನ ಲಾರಿ ಹೊರಡುತ್ತದೆ. "ಮುದುಕನಿಗೆ ಮರೆವು" ಎಂದುಕೊಂಡು ಮೈಲಿಸ್ ಹಲಗೆ ನೆಲವನ್ನು ಮತ್ತೆ ಗುಡಿಸಿದಳು.

ಮೂರನೆಯ ವಾರ ಬ್ಯೂಕ್ ಬಂತು. ದಿಬ್ಬಣದ ಹಾಗಲ್ಲ, ಕಟ್ಟು ಕಿತ್ತ ಹೋರಿಯ ಹಾಗೆ ಎಗರೆಗರಿ ಬಂದು, ಅಂಗಳದ ನಡುವೆ ಉಸಿರು ಕಟ್ಟಿ ನಿಂತಿತು. ಇಳಿದವಳು ಐಲಾ. ಗಿಡ್ಡ ಹೆಂಗಸು, ಕತ್ತರಿಸಿದ ಬೂದು ಕೂದಲು. ಫಿನ್‌ಲ್ಯಾಂಡಿನಿಂದ ಕಾರ್ಖಾನೆ ಕೆಲಸಕ್ಕೆಂದು ಬಂದ ಅಪ್ಪ ಅಮ್ಮನ ಜೊತೆ ಹುಡುಗಿಯಾಗಿದ್ದಾಗ ಬಂದವಳು. ಇಷ್ಟು ವರ್ಷದಲ್ಲಿ ಮೈಲಿಸ್ ಅವಳನ್ನು ಗಾಜಿನ ಹಿಂದಿನ ಮುಖವಾಗಿ ಮಾತ್ರ ಕಂಡಿದ್ದಳು.

"ಇದು ಕ್ಲಚ್ ಅಲ್ಲ, ಕುಸ್ತಿ" ಎಂದಳು ಐಲಾ, ತೊಡೆ ಉಜ್ಜಿಕೊಳ್ಳುತ್ತ.

"ಟೂರೆ ಎಲ್ಲಿ?"

"ಆಸ್ಪತ್ರೇಲಿ. ಆಗಸ್ಟ್ ಕೊನೇಲಿ ಪಾರ್ಶ್ವವಾಯು ಹೊಡೀತು. ಬಲಗಡೆ ಪೂರಾ." ಅವಳು ಮೈಲಿಸಳ ಮುಖ ನೋಡಿದಳು. "ನಿಮಗೆ ಯಾರೂ ಹೇಳ್ಲಿಲ್ವಾ?"

"ಯಾರು ಹೇಳ್ಬೇಕಿತ್ತು?"

ಐಲಾ ಕಾರಿನ ಬಾಗಿಲು ಮುಚ್ಚಿದಳು. "ಹೌದು. ನಾನೇ ಹೇಳ್ಬೇಕಿತ್ತು. ಯಾರ್ಯಾರಿಗೋ ಫೋನ್ ಮಾಡ್ದೆ. ನೀವು ಅವನಿಗೆ ಏನಾಗ್ಬೇಕು ಅಂತಾನೇ ನನಗೆ ಗೊತ್ತಾಗ್ಲಿಲ್ಲ."

ಮೈಲಿಸಳಿಗೂ ಅದು ಗೊತ್ತಿರಲಿಲ್ಲ. ಅವಳು ಕಾರಿನ ಸುತ್ತ ಒಂದು ಸುತ್ತು ಬಂದಳು, ಬಗ್ಗಿ ಅಡಿಯಲ್ಲಿ ಕೈಯಾಡಿಸಿದಳು. ಕೆಸರು. "ತೊಳೆದಿಲ್ಲ."

"ತೊಳೀಬೇಕಾ?"

"ಮಾತಾಡ್ತಾನಾ?" ಎಂದು ಮೈಲಿಸ್ ಕಾರಿನ ಅಡಿಯಿಂದಲೇ ಕೇಳಿದಳು.

"ಒಂದೇ ಮಾತು. 'ಸೈತಾನ.' ಉಳಿದಿದ್ದೆಲ್ಲ ಹೋಯ್ತು. ಬೈಗುಳ ತಲೇಲಿ ಬೇರೆ ಕಡೆ ಇರುತ್ತಂತೆ, ಡಾಕ್ಟ್ರು ಹೇಳಿದ್ರು."

"ಅವನ ತಲೇಲಿ ಅದಕ್ಕೆ ದೊಡ್ಡ ಗೋದಾಮೇ ಇತ್ತು."

ಇಬ್ಬರಿಗೂ ನಗು ಬಂತು. ನಕ್ಕದ್ದಕ್ಕೆ ನಾಚಿಕೆಯಾಗಿ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ಐಲಾ ಹೇಳಿದಳು: ಕಾರು ಈ ವರ್ಷ ತಮ್ಮ ಮನೆಯ ಚಪ್ಪರದಡಿಯೇ ಇರಲಿ ಎಂದುಕೊಂಡಿದ್ದಳಂತೆ. ಆದರೆ ಕಿಟಕಿಯ ಗಾಜಿನ ಮೇಲೆ ಮಂಜು ಕಂಡ ದಿನದಿಂದ ಟೂರೆ ಎಡಗೈಯಲ್ಲಿ ಅದನ್ನು ತೋರಿಸಿ ತೋರಿಸಿ "ಸೈತಾನ, ಸೈತಾನ" ಎನ್ನುತ್ತಿದ್ದ. ಔಷಧಿ ಬೇಕೇನೋ, ದಾದಿಯ ಮೇಲೆ ಕೋಪವೇನೋ ಎಂದು ಅವಳು ತಲೆ ಕೆಡಿಸಿಕೊಂಡಳು. ಕೊನೆಗೆ ಅವನು ಎರಡು ಕೈಯಿಂದ ಹೊದಿಕೆ ಬೀಸಿದ ಹಾಗೆ ಮಾಡಿ ತೋರಿಸಿದ. ಬಲಗೈ ಏಳಲಿಲ್ಲ, ಅದನ್ನು ಎಡಗೈಯಿಂದ ಎತ್ತಿ ಬೀಸಿದ. ವರ್ಷವರ್ಷವೂ ಬಿಳಿ ಕಾರಿನಿಂದ ಕಂಡದ್ದು ನೆನಪಾಗಿ ಅವಳಿಗೆ ಆಗ ಅರ್ಥವಾಯಿತು.

ಇಬ್ಬರೂ ಸೇರಿ ಕಾರನ್ನು ತೊಳೆದು, ಒರೆಸಿ, ಒಣಗಲು ಬಿಟ್ಟರು. ಅಷ್ಟರಲ್ಲಿ ಮೈಲಿಸ್, "ಒಳಗೆ ಬಾ. ಆ ಅಂಚೆಡಬ್ಬಿ ಹತ್ರ ನಿಂತೂ ನಿಂತೂ ನಿನ್ನ ಕಾರಿಗೆ ಬೇರು ಬಿಟ್ಟಿರ್ಬೇಕು" ಎಂದಳು. ಕಾಫಿ ಕುಡಿದರು, ದಾಲ್ಚಿನ್ನಿ ಬನ್ನು ತಿಂದರು. ಆಮೇಲೆ ಕಾರನ್ನು ಎತ್ತಿ ಕೂರಿಸಿದರು. ಹೊದಿಕೆಯನ್ನು ಹೇಗೆ ಹಿಡಿಯಬೇಕೆಂದು ಮೈಲಿಸ್ ಹೇಳಿಕೊಡಬೇಕಾಯಿತು. ಕತ್ತಲಾಗುವ ಮುಂಚೆ ಅವಳು ತನ್ನ ಟ್ರ್ಯಾಕ್ಟರಿನಲ್ಲಿ ಐಲಾಳನ್ನು ಪಟ್ಟಣಕ್ಕೆ ಬಿಟ್ಟುಬಂದಳು. ಆಸ್ಪತ್ರೆಯ ಬಾಗಿಲವರೆಗೂ ಹೋಗಿ ಇಳಿಯಲಿಲ್ಲ.

"ಒಂದ್ನಿಮಿಷ ಬಂದು ನೋಡ್ಬಾರ್ದಾ?"

"ಬೇಡ. ಹಾಸಿಗೇಲಿ ಬಿದ್ದಿರೋನಿಗೆ ಎದ್ದು ಓಡಿಹೋಗೋಕಾಗಲ್ಲ. ಬೇಡ ಅನ್ನೋ ಶಕ್ತಿ ಅವನಿಗೆ ಬಂದ್ಮೇಲೆ ನೋಡೋದು ಒಳ್ಳೇದು."

ಅಂದಿನಿಂದ ಬಿಳಿ ಕಾರು ಭಾನುವಾರಗಳಂದು ಅಂಗಳದ ಒಳಗೇ ಬರತೊಡಗಿತು. ಐಲಾ ಹೊದಿಕೆಯ ಅಂಚೆತ್ತಿ ಕಾರಿನ ಫೋಟೋ ತೆಗೆದು ಟೂರೆಗೆ ತೋರಿಸುತ್ತಿದ್ದಳು. ಆಮೇಲೆ ಅಡುಗೆಮನೆಯಲ್ಲಿ ಕೂತು ಇಬ್ಬರೂ ಅವನನ್ನು ಆಡಿಕೊಳ್ಳುತ್ತಿದ್ದರು. ಅವನು ಟವೆಲನ್ನು ನೆಲದ ಮೇಲೆ ಬಿಡುವುದು, ಹಂದಿಯ ರಕ್ತ ಹಿಟ್ಟಿಗೆ ಕಲಸಿ ಬೇಯಿಸಿದ ಕಡುಬನ್ನು ತಣ್ಣಗೇ ನಿಂತುಕೊಂಡೇ ತಿನ್ನುವುದು, ಜಗಳ ಬಂದಾಗ ಕಾರಿನ ಅಡಿ ಹೋಗಿ ಮಲಗುವುದು. "ಇವತ್ತಿಗೂ ಹಾಗೇನಾ!" ಎಂದು ಮೈಲಿಸ್ ಬೆರಗಾಗುತ್ತಿದ್ದಳು. ಸವತಿಯರು ಎಂಬ ಮಾತು ಊರಿನ ಬಾಯಲ್ಲಿ ಓಡಾಡಿತು. ಎವರ್ಟ್ ಬೇಲಿಯಾಚೆಯಿಂದ, "ಏನವ್ವಾ, ಈಗ ಇಬ್ರೂ ಸೇರಿ ಸಾಕ್ತಿದ್ದೀರಾ ಆ ಕಾರನ್ನ?" ಎಂದ.

"ನಿನ್ನನ್ನೂ ಸಾಕ್ಬೇಕಾದ್ರೆ ಹೇಳು, ಜಾಗ ಇದೆ, ಉಕ್ಕಿನ ನಾರೂ ಇದೆ" ಎಂದಳು ಮೈಲಿಸ್.

ಆ ಚಳಿಗಾಲ ಹಿಮ ನಿಲ್ಲಲೇ ಇಲ್ಲ. ಫೆಬ್ರವರಿಯಲ್ಲಿ ಎರಡು ದಿನ ಮಳೆ ಸುರಿದು, ಬಿದ್ದ ಹಿಮವೆಲ್ಲ ನೀರು ಕುಡಿದ ಕಂಬಳಿಯ ಹಾಗಾಯಿತು. ಅದರ ಮೇಲೆ ಮತ್ತೆ ಹಿಮ. ಆಚೆ ಊರಿನಲ್ಲಿ ಒಂದು ಕುದುರೆ ಲಾಯ ಕುಸಿಯಿತು. ಎವರ್ಟ್ ತನ್ನ ಕೊಟ್ಟಿಗೆಯ ಮಾಡಿನಿಂದ ಹಿಮ ಕೆಡವುತ್ತಿದ್ದ. ಒಳಗೆ ಜೀವ ಇರುವ ಮಾಡು ಮೊದಲು, ಅದು ನ್ಯಾಯ. "ಮಧ್ಯಾಹ್ನಕ್ಕೆ ನಿಮ್ಮನೆಗೆ ಬರ್ತೀನಿ" ಎಂದಿದ್ದ. ಮೈಲಿಸ್ ಉದ್ದನೆಯ ಕೋಲಿನಿಂದ ಹುಲ್ಲುಮನೆಯ ಸೂರಿನ ಅಂಚನ್ನು ಕೆರೆಯುತ್ತಿದ್ದಳು. ಕೋಲು ಎಟುಕುವಷ್ಟು ಮಾತ್ರ ಬೀಳುತ್ತಿತ್ತು. ನಡುವಿನ ಭಾರ ಅಲ್ಲಾಡಲಿಲ್ಲ.

ಐಲಾ ಸಲಿಕೆ ಹಿಡಿದು ಬಂದಳು. ಬಂದವಳು ದೊಡ್ಡ ಬಾಗಿಲು ತೆರೆದಳು. ಆಗಲೇ ಒಳಗಿನ ತೊಲೆ ಸದ್ದು ಮಾಡಿದ್ದು. ಕರು ಹಾಕುವ ಮುಂಚೆ ಹಸು ಒಳಗೊಳಗೇ ನರಳುತ್ತದಲ್ಲ, ಅಂಥ ಸದ್ದು. ಮೈಲಿಸ್ ಕೋಲು ಬಿಸಾಡಿ ಓಡಿದಳು.

"ಕಬ್ಬಿಣದ ಕುದುರೆಗಳ ಮೇಲಿಂದ ಇಳಿಸೋಣ, ತಳ್ಳಿಬಿಡೋಣ!" ಎನ್ನುತ್ತ ಐಲಾ ಹೊಸ್ತಿಲು ದಾಟಿದ್ದಳು. "ಇಬ್ರೂ ತಳ್ಳಿದ್ರೆ ಬರುತ್ತೆ!"

"ಹೊರಗೆ ಬಾ."

"ಜಾಕ್ ಎಲ್ಲಿದೆ?"

"ಐಲಾ, ಹೊರಗೆ ಬಾ ಅಂದೆ!" ಮೈಲಿಸ್ ಅವಳ ಕೋಟನ್ನು ಹಿಂದಿನಿಂದ ಹಿಡಿದಳು. ಕರುವನ್ನು ಹಿಡಿದು ಅಭ್ಯಾಸವಾದ ಕೈ, ಬಿಡಲಿಲ್ಲ.

"ಬಿಡ್ರೀ ನನ್ನ! ಅವನು ಏಪ್ರಿಲ್‌ಗೆ ಕಾಯ್ತಿದ್ದಾನೆ. ಅದೊಂದಕ್ಕೇ ಕಾಲು ಎತ್ತೋದು ಕಲೀತಿದ್ದಾನೆ, ಗೊತ್ತಾ ನಿಮಗೆ?"

"ಗೊತ್ತು. ಬಾ."

ಐಲಾ ತಿರುಗಿದಳು. ಅವಳ ಕಣ್ಣು ಕೆಂಪಾಗಿತ್ತು. "ನಿಮಗೆ ಇದು ಹಾಳಾದ್ರೆ ಸಂತೋಷ, ಅಲ್ವಾ? ಇಷ್ಟು ವರ್ಷ ಕಾದಿದ್ದು ಇದಕ್ಕೇ ಅಲ್ವಾ?"

ಮೈಲಿಸ್ ಕೋಟಿನ ಜೊತೆ ಮನುಷ್ಯಳನ್ನೂ ಎಳೆದುಕೊಂಡು ಹೊಸ್ತಿಲಾಚೆ ಹಿಮದ ರಾಶಿಯ ಮೇಲೆ ಬಿದ್ದಳು. ಮಂಡಿ ಕಟುಕ್ಕೆಂದಿತು. ಇಬ್ಬರೂ ಬಿದ್ದಲ್ಲೇ ಬೈದಾಡಿಕೊಳ್ಳುತ್ತಿರುವಾಗ ಮಾಡು ಕುಸಿದು ಕೂತಿತು. ದೊಡ್ಡ ಸದ್ದೇನಿಲ್ಲ. ಮೊದಲು ಒಂದು ಲಟಕು, ಆಮೇಲೆ ದೀರ್ಘವಾದ ನಿಟ್ಟುಸಿರು. ಬಾಗಿಲಿನಿಂದ ಹಿಮದ ಹುಡಿ ಹೊರಗೆ ಉಗುಳಿ ಬಂದು ಇಬ್ಬರನ್ನೂ ಬೆಳ್ಳಗೆ ಮಾಡಿತು.

ತುಂಬ ಹೊತ್ತು ಯಾರೂ ಏಳಲಿಲ್ಲ. ಐಲಾಳ ಕೈ ಮೈಲಿಸಳ ಕೈಯಲ್ಲಿತ್ತು. ಯಾವಾಗ ಹಿಡಿದದ್ದೋ ತಿಳಿಯದು.

"ನಾನು ಅಂದಿದ್ದು..." ಎಂದಳು ಐಲಾ.

"ಆಮೇಲೆ" ಎಂದಳು ಮೈಲಿಸ್.

ಆದರೆ ಆ ಮಾತು ಅವಳ ಒಳಗೆ ಮುಳ್ಳಿನ ಹಾಗೆ ಉಳಿಯಿತು. ಸಂತೋಷವಾಗಲಿಲ್ಲ ಎಂಬುದು ಅವಳಿಗೆ ಗೊತ್ತು. ದುಃಖವೂ ಕೂಡಲೇ ಬರಲಿಲ್ಲ. ಬಂದದ್ದು ಬೇರೆಯೇ: ಎಷ್ಟೋ ವರ್ಷದಿಂದ ತಲೆಯ ಮೇಲೆ ಹೊತ್ತಿದ್ದ ತುಂಬಿದ ಕೊಡ ಜಾರಿ ಬಿದ್ದಾಗ ಕುತ್ತಿಗೆಗೆ ಆಗುವ ಹಗುರ. ಕಾಯುವುದು ತನ್ನ ಪಾಲು ಎಂದು ಅವಳೇ ಆರಿಸಿಕೊಂಡಿದ್ದಳು. ಕಾಯುವವಳಿಗೆ ಒಂದು ಅನುಕೂಲವಿದೆ, ಅವಳು ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ಜನವೆಲ್ಲ ಅವಳನ್ನು ಗಟ್ಟಿ ಹೆಂಗಸು ಎನ್ನುತ್ತಾರೆ. ಆ ಗಟ್ಟಿತನ ಇವತ್ತು ಹಿಮದ ಕೆಳಗೆ ಬಿದ್ದಿತ್ತು.

ಎವರ್ಟ್ ಟ್ರ್ಯಾಕ್ಟರ್ ತಂದು ಎರಡು ದಿನ ಬಗೆದ. ಅರ್ಧ ಮಾಡು ಹೋಗಿತ್ತು. ಒಂದು ತೊಲೆ ಓರೆಯಾಗಿ ಗೋಡೆಗೆ ಆನಿಕೊಂಡು ನಿಂತು ಕಾರಿನ ಮೂತಿಯನ್ನು ಉಳಿಸಿತ್ತು. ಇನ್ನೊಂದು ಕಾರಿನ ನೆತ್ತಿಯ ಮೇಲೇ ಕೂತಿತ್ತು. ನೆತ್ತಿ ತಟ್ಟೆಯ ಹಾಗೆ ತಗ್ಗಾಗಿತ್ತು, ಹಿಂದಿನ ಗಾಜು ಪುಡಿಯಾಗಿತ್ತು. ಹತ್ತಿಯ ಹೊದಿಕೆ ಹರಿದರೂ ಜಾಗ ಬಿಟ್ಟಿರಲಿಲ್ಲ.

"ಇದನ್ನ ನಾನೇ ಹೇಳ್ಬೇಕು" ಎಂದಳು ಮೈಲಿಸ್. "ಚಳಿಗಾಲ ನಂದು."

ಆಸ್ಪತ್ರೆಯಲ್ಲಿ ಟೂರೆ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದ. ಯಾರೋ ಅವನ ಕೂದಲನ್ನು ತಪ್ಪು ಕಡೆಗೆ ಬಾಚಿದ್ದರು. ಮೈಲಿಸಳನ್ನು ಕಂಡು ಅವನ ಮುಖದ ಒಂದು ಅರ್ಧ ಬೆಚ್ಚಿತು, ಇನ್ನೊಂದು ಅರ್ಧ ಸುಮ್ಮನಿತ್ತು. ಅವಳು ಕೂರಲಿಲ್ಲ.

"ಟೂರೆ, ಮಾಡು ಬಿತ್ತು. ಕಾರಿನ ಮೇಲೆ. ನೆತ್ತಿ ಜಜ್ಜಿಹೋಗಿದೆ, ಹಿಂದಿನ ಗಾಜು ಹೋಯ್ತು. ಎಂಜಿನ್‌ಗೆ ಏನೂ ಆಗಿಲ್ಲ. ನಾನು ಮೊದಲೇ ಮಾಡಿನ ಕಡೆ ನೋಡ್ಬೇಕಿತ್ತು. ಬರೀ ಇಲಿ ನೋಡ್ತಿದ್ದೆ."

"ಸೈತಾನ" ಎಂದ ಟೂರೆ, ಮೆಲ್ಲಗೆ, ಇಗರ್ಜಿಯಲ್ಲಿ ಆಮೆನ್ ಎನ್ನುವ ಹಾಗೆ.

ಆಮೇಲೆ ಅವನು ಎಡಗೈಯನ್ನು ಜೊತೆಗೆ ಬಂದಿದ್ದ ಐಲಾಳ ಕಡೆ ತಿರುಗಿಸಿದ. ಹುಬ್ಬೇರಿಸಿದ. ಮೈಲಿಸಳ ಕಡೆ ನೋಡಿದ. ಮಾಡು ಬಿದ್ದಾಗ ಐಲಾ ಎಲ್ಲಿದ್ದಳು ಎಂದು ಅವನು ಕೇಳುತ್ತಿರುವುದು ಅವಳಿಗೆ ಅರ್ಥವಾಯಿತು.

"ಒಳಗೆ ಹೋಗಿದ್ಲು. ನಿನ್ನ ಕಾರು ತಳ್ಳೋಕೆ. ಕೋಟು ಹಿಡಿದು ಎಳ್ಕೊಂಡೆ. ಜೇಬು ಹರಿದಿದೆ ನೋಡು."

ಐಲಾ ಹರಿದ ಜೇಬು ತೋರಿಸಿದಳು. ಟೂರೆ ಅದನ್ನು ನೋಡಿದ. ಎಡಗೈ ಚಾಚಿ ಮೈಲಿಸಳ ತೋಳಿನ ಬಟ್ಟೆ ಹಿಡಿದ. ಹಿಡಿದೇ ಇದ್ದ. ಅವನ ಬಾಯಿ ಏನೋ ಕಟ್ಟಲು ಹೆಣಗಿತು. ಕಡೆಗೆ ಬಂದದ್ದು ಅದೇ ಒಂದು ಮಾತು. ಆದರೆ ಆ ಮಾತನ್ನು ಯಾರೂ ಯಾರಿಗೂ ಅಷ್ಟು ಮೃದುವಾಗಿ ಹೇಳಿದ್ದನ್ನು ಮೈಲಿಸ್ ಕೇಳಿರಲಿಲ್ಲ. ಅವಳು ಬಗ್ಗಿ ಅವನ ಕೂದಲನ್ನು ಸರಿಯಾದ ಕಡೆಗೆ ಬಾಚಿದಳು. ಆಮೇಲೆ ಕೂತಳು.

ಏಪ್ರಿಲಿನಲ್ಲಿ ಮಳೆ ರಸ್ತೆಯನ್ನು ತೊಳೆಯಿತು. ಮೈಲಿಸ್ ಕಾರಿನೊಳಗೆ ಮುಂದಿನ ಸೀಟಿನ ಮೇಲೆ ಅಂಗಾತ ಮಲಗಿ, ಬೂಟು ಬಿಚ್ಚಿ, ಎರಡು ಪಾದಗಳಿಂದ ನೆತ್ತಿಯನ್ನು ಒದ್ದಳು. ಐಲಾ ಹೊರಗಿನಿಂದ, "ಎಡಕ್ಕೆ! ಇನ್ನೂ ಎಡಕ್ಕೆ! ಹೆರಿಗೆ ಆಗ್ತಿದ್ಯೇನ್ರೀ, ಜೋರಾಗಿ!" ಎಂದು ಕೂಗುತ್ತಿದ್ದಳು. ಗಾಲಿಕುರ್ಚಿಯಲ್ಲಿ ಕಂಬಳಿ ಹೊದ್ದು ಅಂಗಳದಲ್ಲಿ ಕೂತಿದ್ದ ಟೂರೆ ಪ್ರತಿ ಒದೆತಕ್ಕೂ ಒಂದು ಸೈತಾನ ಸೇರಿಸುತ್ತಿದ್ದ. ಡಬ್ಬಕ್ಕೆಂದು ನೆತ್ತಿ ಮೇಲೆದ್ದಿತು. ಪೂರ್ತಿ ಅಲ್ಲ, ತಲೆ ತಾಗದಷ್ಟು. ಹಿಂದಿನ ಗಾಜಿನ ಜಾಗಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಬಂತು. ಬ್ಯಾಟರಿ ಕೂರಿಸಿ ಕೀಲಿ ತಿರುಗಿಸಿದರೆ ಕಾರು ಕೆಮ್ಮಿ, ಕ್ಯಾಕರಿಸಿ, ಎದ್ದು ಕೂತಿತು.

ಯಾರು ಓಡಿಸುವುದು? ಟೂರೆಯ ಬಲಗಾಲು ಇನ್ನು ಪೆಡಲಿನ ಮಾತು ಕೇಳುವುದಿಲ್ಲ. ಐಲಾ ಮೈಲಿಸಳನ್ನು ನೋಡಿದಳು.

"ಬೇಸಿಗೆ ನನ್ನದಲ್ಲ" ಎಂದಳು ಮೈಲಿಸ್.

ಟೂರೆ ಎಡಗೈಯಿಂದ ಕಾರಿನ ಎಡಗಡೆಯ ಚಾಲಕನ ಬಾಗಿಲನ್ನು ತೋರಿಸಿದ. ಅವಳು ಅಲ್ಲಾಡಲಿಲ್ಲ. ಮತ್ತೆ ತೋರಿಸಿದ. ಈ ಸಲ ಬೈದು ತೋರಿಸಿದ.

"ಕೇಳ್ತಿದ್ದೀನಿ" ಎಂದಳು ಮೈಲಿಸ್. "ನಾನೇ ಕೇಳ್ತಿದ್ದೀನಿ, ಟೂರೆ. ಓಡಿಸ್ಲಾ?"

ಅವನು ತಲೆಯಾಡಿಸಿದ, ಇದೇನು ಕೇಳುವ ಮಾತೇ ಎನ್ನುವ ಹಾಗೆ. ಅವಳು ಹೆದರಿದ್ದದ್ದು ಇದಕ್ಕೇ. ಅದು ಅಷ್ಟೇನೂ ನೋಯಲಿಲ್ಲ.

ಇಬ್ಬರು ಹೆಂಗಸರೂ ಎತ್ತಿ ಅವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿದರು. ಐಲಾ ಹಿಂದೆ ಹತ್ತಿದಳು. ಸ್ಟೀರಿಂಗ್ ಪಕ್ಕದ ಗೇರು ಮೊದಲು ಹಲ್ಲು ಕಡಿಯಿತು, ಟೂರೆ ಬೈದ. ಎರಡನೆಯದಕ್ಕೆ ಕೈ ಪಳಗಿತು. ಅಂಚೆಡಬ್ಬಿ ದಾಟಿದರು, ಇಗರ್ಜಿ ದಾಟಿದರು. ಹೊಲದಲ್ಲಿದ್ದ ಎವರ್ಟ್ ಟ್ರ್ಯಾಕ್ಟರ್ ನಿಲ್ಲಿಸಿ ಟೋಪಿ ತೆಗೆದ, ಆಮೇಲೆ ಅದನ್ನು ಏನು ಮಾಡುವುದೆಂದು ತಿಳಿಯದೆ ಬೀಸಿದ. ಮೈಲಿಸ್ ಕಿಟಕಿ ಇಳಿಸಿದಳು. ಬರ್ಚ್ ಮರಗಳು ಆಗಷ್ಟೇ ಚಿಗುರುತ್ತಿದ್ದವು. ಹಸಿ ತೊಗಟೆಯ, ಕರಗಿದ ಮಣ್ಣಿನ ವಾಸನೆ ಒಳಗೆ ನುಗ್ಗಿತು. ತಾನು ಹೊಲಿದ ಸೀಟಿನ ಮೇಲೆ, ತಾನು ತುಕ್ಕು ಉಜ್ಜಿದ ಬಾಗಿಲಿನ ಒಳಗೆ ಕೂತು, ಈ ರಸ್ತೆಯನ್ನು ಈ ಎತ್ತರದಿಂದ, ಈ ವೇಗದಲ್ಲಿ ಅವಳು ನೋಡಿಯೇ ಇರಲಿಲ್ಲ. ಅವಳ ಎಡತೋಳು ತಾನಾಗಿ ಕಿಟಕಿಯ ಹೊರಗೆ ಹೋಯಿತು. ಟೂರೆ ಅದನ್ನು ಕಂಡು, ಮುಖದ ಅರ್ಧದಿಂದ ನಕ್ಕ.

ಸರೋವರದ ತಿರುವು ಹತ್ತಿರವಾದಾಗ ಐಲಾ ಹಿಂದಿನಿಂದ ತಲೆ ಚಾಚಿದಳು. "ಇಲ್ಲಿ ತಿರುಗಿಸೋದಲ್ವಾ? ವಾಪಸ್ ಬರುವಾಗ ನಾನು ಓಡಿಸ್ತೀನಿ."

"ಇರೇ" ಎಂದಳು ಮೈಲಿಸ್, ಗೇರು ಬದಲಿಸಿ. "ಇನ್ನೊಂಚೂರು ದೂರ ಹೋಗೋಣ."